ಸಿಹಿ ಒಲ್ಲದ ಜಿರಳೆಗಳು

ಆಸ್ಪತ್ರೆ ಅಡುಗೆಮನೆಯ ದೊಡ್ಡ ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಆ ಸಂದಿಯಲ್ಲಿ ಮಂಡಿಯೂರಿ, ಟೈಲ್ಸಿಗೆ ಕೆನ್ನೆ ಒತ್ತಿಕೊಂಡು ಜಿರಳೆಯಣ್ಣ ಟಾರ್ಚು ಬಿಟ್ಟು ನೋಡುತ್ತಿದ್ದ. ಕಳೆದ ವಾರ ಅವನೇ ಕೈಯಾರೆ ಇಟ್ಟಿದ್ದ ವಿಷದ ಪಾಕದ ಬೊಟ್ಟುಗಳು ಇಟ್ಟ ಹಾಗೆಯೇ ಇದ್ದವು. ಮೇಲೆ ಧೂಳು ಕೂತಿತ್ತು. ಅಷ್ಟರಲ್ಲಿ ಪೈಪಿನ ಹಿಂದಿನಿಂದ ಕಂದು ಬಣ್ಣದ ಸಣ್ಣ ಜಿರಳೆಯೊಂದು ಇಳಿದು ಬಂತು. ಈಗಷ್ಟೇ ಇಟ್ಟ ಹೊಸ ಬೊಟ್ಟಿನ ಹತ್ತಿರ ನಿಂತು ಮೀಸೆ ಆಡಿಸಿತು. ಬಾಯಿ ಹಚ್ಚಿತು. ಮರುಕ್ಷಣವೇ ಸುಟ್ಟುಕೊಂಡ ಹಾಗೆ ಹಿಂದಕ್ಕೆ ಹಾರಿ, ಮುಂಗಾಲಿನಿಂದ ಬಾಯಿ ಉಜ್ಜಿಕೊಂಡು, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ವಾಪಸ್ಸು ಹೋಯಿತು.

"ನೋಡ್ದೇನೋ? ಬಾಯಿ ಒರೆಸ್ಕೊಂಡು ಹೋಯ್ತು! ಊಟ ಸರಿ ಇಲ್ಲ ಅಂತ ಅರ್ಧಕ್ಕೆ ಎದ್ದು ಹೋಗೋ ಬೀಗರ ಥರ!"

ಹಿಂದೆ ಬಕೆಟ್ಟು ಹಿಡಿದು ನಿಂತಿದ್ದವನು ಭಾಮೈದ. ಹೆಂಡತಿಯ ತಮ್ಮ, ಕಸುಬಿನಲ್ಲಿ ಜೊತೆಗಾರ. ಅವನು ತಲೆ ಕೆರೆದುಕೊಂಡು, "ಸಿಹಿ ಕಮ್ಮಿ ಆಗಿರ್ಬೇಕು ಭಾವ" ಅಂದ.

ಆ ಮಾತು ಅಂದು ಇಬ್ಬರಿಗೂ ನ್ಯಾಯವಾಗಿಯೇ ಕಂಡಿತು. ಮುಂದಿನ ಪಾಡಿಗೆಲ್ಲ ಅದೇ ಮೂಲ.

ಮನೆ, ಹೋಟೆಲು, ಗೋದಾಮುಗಳಲ್ಲಿ ಹುಳ ಹುಪ್ಪಟೆಗೆ ಔಷಧಿ ಇಡುವುದು ಜಿರಳೆಯಣ್ಣನ ಕಸುಬು. ಹೆಸರು ಹಿಡಿದು ಕರೆಯುವವರು ಮನೆಯವರು ಮಾತ್ರ. ಉಳಿದ ಊರಿಗೆಲ್ಲ ಅವನು ಜಿರಳೆಯಣ್ಣ. ಮೊದಮೊದಲು ಆ ಹೆಸರಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅದನ್ನೇ ವ್ಯಾನಿನ ಮೇಲೆ ಬರೆಸಿಕೊಂಡ. ವಯಸ್ಸಿನಲ್ಲಿ ಒಂದು ಕಂಪನಿಯಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆಮನೆಗೆ ಸ್ಪ್ರೇ ಹೊಡೆಯುತ್ತಿದ್ದ. ಮೈಗೆಲ್ಲ ತುರಿಕೆ, ಮನೆಯವರಿಗೆಲ್ಲ ಕೆಮ್ಮು. ಇದು ಆಗದ ಹೋಗದ ಕೆಲಸ ಎಂದು ಬಿಟ್ಟು ಬಂದು, ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ತಾನೇ ಒಂದು ಪಾಕ ಕಾಸಿದ. ಸಕ್ಕರೆ ಪಾಕ, ಅದರಲ್ಲಿ ವಿಷದ ಬಿಳಿ ಪುಡಿ. ಸಂದಿಗೊಂದಿಯಲ್ಲಿ ಒಂದೊಂದು ಬೊಟ್ಟು ಇಟ್ಟರೆ ಸಾಕು. ಜಿರಳೆ ತಿಂದು ಗೂಡಿಗೆ ಹೋಗಿ ಸಾಯುತ್ತಿತ್ತು. ಅದನ್ನು ತಿಂದ ನೆಂಟರೂ ಸಾಯುತ್ತಿದ್ದರು. ವಾಸನೆ ಇಲ್ಲ, ಕೆಮ್ಮು ಇಲ್ಲ, ಮಂಚ ಎತ್ತಿಡುವ ರಗಳೆ ಇಲ್ಲ. "ಹೊಡೆಯೋದು ಬೇಡ, ಬಡಿಸೋಣ" ಎನ್ನುವುದು ಅವನ ಧ್ಯೇಯವಾಕ್ಯ. ಪಾಕದ ಹದ ಒಮ್ಮೆ ಕುದುರಿದ ಮೇಲೆ ಅದನ್ನು ಒಂದು ಚಿಟಿಕೆಯೂ ಬದಲಿಸಲಿಲ್ಲ. ಬದಲಿಸು ಎಂದವರಿಗೆ, "ನಿಮ್ಮಮ್ಮನ ಕೈರುಚಿ ಬದಲಿಸ್ತೀರಾ?" ಎಂದು ಕೇಳುತ್ತಿದ್ದ.

ಆ ಕಾಲದಲ್ಲಿ ಫೋನು ಬಂದರೆ ಅವನ ಮೊದಲ ಪ್ರಶ್ನೆ "ಏನು ಬಂದಿದೆ?" ಎಂಬುದು. ಏನು ಬೇಕಾದರೂ ಬಂದಿರಬಹುದಿತ್ತು. ಒಂದು ಮನೆಯಲ್ಲಿ ಕಿಟಕಿ ಚೌಕಟ್ಟಿಗೆ ಕಣಜ ಮಣ್ಣಿನ ಗೂಡು ಮೆತ್ತಿರುತ್ತಿತ್ತು. ಇನ್ನೊಂದರಲ್ಲಿ ಬೀರು ಹಿಂದೆ ಜೀರುಂಡೆ ಸೇರಿಕೊಂಡು ಮನೆಯವರಿಗೆ ನಿದ್ದೆ ಕೆಡಿಸುತ್ತಿತ್ತು. ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳ, ಬಚ್ಚಲಿನ ಶತಪದಿ, ಅಟ್ಟದ ಬಾವಲಿ, ಉಣ್ಣೆಗೆ ಬೀಳುವ ನುಸಿ, ಹೆಸರೇ ಗೊತ್ತಿಲ್ಲದ ಹಸಿರು ದುಂಬಿ. ಎಷ್ಟೋ ಸಲ ಕೊಲ್ಲದೆ, ಡಬ್ಬಿಯಲ್ಲಿ ಹಿಡಿದು ಊರಾಚೆ ಬಿಟ್ಟು ಬಂದದ್ದೂ ಉಂಟು. ಈಗ ಆ ಪ್ರಶ್ನೆಯೇ ಬೇಕಾಗಿಲ್ಲ. ಜಿರಳೆ, ತಿಗಣೆ, ಸೊಳ್ಳೆ. ತಪ್ಪಿದರೆ ಯಾವುದೋ ದೇಶದಿಂದ ಹೂಕುಂಡದ ಜೊತೆ ಬಂದಿಳಿದ, ಸ್ವಿಚ್ಚು ಬೋರ್ಡಿನೊಳಗೆ ಸಂಸಾರ ಹೂಡುವ ಕಿರಿ ಇರುವೆ. ಮಿಕ್ಕವು ಎಲ್ಲಿ ಹೋದವೋ. "ಇರ್ಲಿ ಅನ್ನೋವೆಲ್ಲ ಹೇಳದೆ ಹೋದ್ವು, ಹೋಗ್ಲಿ ಅನ್ನೋವು ಮಾತ್ರ ಕುತ್ತಿಗೆಗೆ ಬಿದ್ದಿದಾವೆ" ಎಂದು ಅವನು ಗೊಣಗುವುದುಂಟು.

ಚಳಿಗಾಲವೂ ಹಾಗೇ ಕೈಕೊಟ್ಟಿತ್ತು. ಮೊದಲೆಲ್ಲ ಚಳಿ ಬಿತ್ತೆಂದರೆ ಅವನಿಗೆ ರಜೆ. ಪಂಪಿನ ವಾಷರು ಬದಲಿಸಿ, ವ್ಯಾನಿಗೆ ಬಣ್ಣ ಹೊಡೆದು, ನೆಂಟರ ಮನೆಗೆ ಹೋಗಿ ಬರುತ್ತಿದ್ದ. ಅವನ ಅರ್ಧ ಕೆಲಸವನ್ನು ಚಳಿಯೇ ಮಾಡಿ ಮುಗಿಸುತ್ತಿತ್ತು, ಅದೂ ಸಂಬಳ ಕೇಳದೆ. ಈಗ ಕಂಬಳಿ ಬಿಚ್ಚುವಷ್ಟರಲ್ಲಿ ಚಳಿ ಮುಗಿದಿರುತ್ತದೆ. ಸೊಳ್ಳೆ ಎಂದರೇನೆಂದು ತಿಳಿಯದಿದ್ದ ಗುಡ್ಡದ ಮೇಲಿನ ಬಡಾವಣೆಯವರು ಈಗ ಕಿಟಕಿಗೆ ಜಾಲರಿ ಹಾಕಿಸುತ್ತಿದ್ದಾರೆ. ವ್ಯಾಪಾರ ಹೆಚ್ಚಿದೆಯಲ್ಲ ಎಂದು ಭಾಮೈದನಿಗೆ ಖುಷಿ. ಜಿರಳೆಯಣ್ಣನಿಗೆ ಮಾತ್ರ, ಮನೆಗೆ ಬಂದ ಅತಿಥಿ ಏಳದೇ ಕೂತರೆ ಆಗುವಂಥ ಕಿರಿಕಿರಿ.

ಇಷ್ಟಾದರೂ ಅವನ ಪಾಕ ಸೋತಿರಲಿಲ್ಲ. ಸೋತದ್ದು ಈಗ, ಅದೂ ಅಕ್ಕನ ಅಡುಗೆಮನೆಯಲ್ಲಿ.

ಅಕ್ಕ ಒಡಹುಟ್ಟಿದವಳು, ಆಸ್ಪತ್ರೆಯ ಅಡುಗೆಮನೆಗೆ ಮುಖ್ಯಸ್ಥೆ. ಉಪ್ಪಿಲ್ಲದ ಊಟ ಬೇಕಾದವರು, ಸಕ್ಕರೆ ಮುಟ್ಟಬಾರದವರು, ನೀರಿನ ಹೊರತು ಏನೂ ಇಳಿಯದವರು, ಎಲ್ಲರ ತಟ್ಟೆಯೂ ಅವಳ ಕಣ್ಣಿನಡಿ ಹಾದು ಹೋಗಬೇಕು. ಅವಳ ಕೈಕೆಳಗಿನ ಹೆಂಗಸರಲ್ಲಿ ಹೆಚ್ಚಿನವರು ಆ ಒಲೆಗಳ ಮುಂದೆಯೇ ತಲೆ ನರೆತವರು. ಆಸ್ಪತ್ರೆಯ ಆಡಳಿತಕ್ಕೆ ಆ ಅಡುಗೆಮನೆ ಮುಚ್ಚುವ ಆಸೆ ಬಹಳ ದಿನದ್ದು. ಊರಾಚೆಯ ಕಾರ್ಖಾನೆಯೊಂದು ಊಟವನ್ನು ಮುಚ್ಚಿದ ಡಬ್ಬಿಯಲ್ಲಿ ಕಳಿಸಲು ತುದಿಗಾಲಲ್ಲಿ ನಿಂತಿತ್ತು. ನೆಪ ಒಂದು ಬೇಕಿತ್ತು. ಯಾರೋ ರೋಗಿಯ ಸೂಪಿನ ಬಟ್ಟಲ ಅಂಚಿನಲ್ಲಿ ಜಿರಳೆ ಓಡಿತು, ನೆಪ ಸಿಕ್ಕಿತು. ತಿಂಗಳ ಕೊನೆಗೆ ತಪಾಸಣೆಯವರು ಬರುತ್ತಾರೆ. ಜೀವಂತ ಜಿರಳೆ ಕಂಡರೆ ಅಡುಗೆಮನೆಗೆ ಬೀಗ, ಹೆಂಗಸರಿಗೆಲ್ಲ ಮನೆ ದಾರಿ.

"ನೀನಿರುವಾಗ ನಂಗೇನು ಭಯ" ಎಂದು ಅಕ್ಕ ಮೊದಲ ದಿನ ಅಂದಿದ್ದಳು. ರೋಗಿಗಳ ಊಟ ಬೇಯುವ ಕಡೆ ಸ್ಪ್ರೇ ಹೊಡೆಯುವಂತಿಲ್ಲ, ಪಾಕವೊಂದೇ ಗತಿ. ಆ ಪಾಕ ಕಾಸುವವನು ತಮ್ಮ. ಹೆದರುವುದೇಕೆ?

ಸಿಹಿ ಕಮ್ಮಿಯಾಗಿದೆ ಎಂದು ತೀರ್ಮಾನವಾದ ಮೇಲೆ ಭಾವ ಭಾಮೈದ ಇಬ್ಬರೂ ಶೆಡ್ಡಿನಲ್ಲಿ ಒಲೆ ಹೊತ್ತಿಸಿದರು. ಸಕ್ಕರೆ ಒಂದೂವರೆ ಪಾಲಾಯಿತು. ಜಿರಳೆಗಳು ಮೂಸಿ ನೋಡಿ ಹೋದವು. ಎರಡು ಪಾಲಾಯಿತು. ಮೂಸಲೂ ಇಲ್ಲ. ಮನೆಯ ಸಕ್ಕರೆ ಡಬ್ಬಿ ಖಾಲಿಯಾಗಿ, "ಮನೆಗೆ ಬಂದೋರಿಗೆ ಕಾಫಿ ಕೊಡೋಣ ಅಂದ್ರೆ ಸಕ್ಕರೆ ಇಲ್ಲ, ಅಲ್ಲಿ ಜಿರಳೆಗೆ ಶ್ರಾದ್ಧದ ಊಟ ನಡೀತಿದೆ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಅಂದಳು.

"ನಿನ್ ತಮ್ಮನ್ನೇ ಕೇಳು. ಐಡಿಯಾ ಅವಂದು."

"ಅವನಿಗೆ ಬುದ್ಧಿ ಇದ್ದಿದ್ರೆ ನಿಮ್ ಜೊತೆ ಯಾಕೆ ಸೇರ್ತಿದ್ದ?"

ಕೊನೆಗೆ ಭಾಮೈದನಿಗೆ ಇನ್ನೊಂದು ಹೊಳೆಯಿತು. "ಭಾವ, ಇದು ಆಸ್ಪತ್ರೆ ಜಿರಳೆ ಅಲ್ವಾ? ಗ್ಲೂಕೋಸೇ ಹಾಕಿಬಿಡೋಣ!" ನಿಶ್ಶಕ್ತಿಗೆ ಕುಡಿಸುವ ಗ್ಲೂಕೋಸ್ ಪುಡಿಯನ್ನು ಡಬ್ಬಿಗಟ್ಟಲೆ ಸುರಿದರು. ಪಾಕ ಕನ್ನಡಿಯ ಹಾಗೆ ಹೊಳೆಯಿತು. ಬೆರಳಿಗೆ ಅಂಟಿದ್ದನ್ನು ನೋಡಿದರೆ ಮನುಷ್ಯನಿಗೇ ಬಾಯಿ ನೀರೂರಬೇಕು. ಅದನ್ನು ಅಡುಗೆಮನೆಯ ಎಲ್ಲ ಸಂದಿಗಳಲ್ಲೂ ಇಟ್ಟು ಬಂದರು.

ಎರಡು ದಿನ ಬಿಟ್ಟು ಅಕ್ಕನ ಫೋನು ಬಂತು. ಜಿರಳೆಯಣ್ಣ ಹೋದಾಗ ಅವಳು ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು.

"ಏನೋ, ನೀನು ಕೊಲ್ಲೋಕೆ ಬಂದಿದೀಯಾ, ಸಾಕೋಕೆ ಬಂದಿದೀಯಾ? ಬೆಳಿಗ್ಗೆ ತರಕಾರಿ ಹೆಚ್ಚೋ ಮಣೆ ಎತ್ತಿದ್ರೆ ಇಡೀ ಬಳಗವೇ ಇದೆ. ಮರಿ ಮಕ್ಕಳು ಎಲ್ಲ!"

"ಸ್ವಲ್ಪ ತಡಿಯಕ್ಕ. ಹೊಸ ಪಾಕ. ರುಚಿ ಹತ್ತಬೇಕು."

"ರುಚಿ ಹತ್ತೋದಾ? ನಿನ್ ಪಾಕದ ಪಕ್ಕದಲ್ಲೇ ಮೊಟ್ಟೆ ಇಟ್ಟಿದಾವೆ ಕಣೋ. ತಪಾಸಣೆಯೋರು ಬರೋ ಹೊತ್ತಿಗೆ ನಾಮಕರಣನೂ ಮುಗಿಸ್ಕೊಂಡಿರ್ತವೆ."

ಒಲೆ ಮುಂದಿದ್ದ ಹೆಂಗಸರು ಕಿಸಕ್ಕೆಂದರು. ಜಿರಳೆಯಣ್ಣನ ಕಿವಿ ಬಿಸಿಯಾಯಿತು. ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಉಗ್ರಾಣದ ಕಡೆ ಕೈ ತೋರಿಸಿದ. "ಮೊದ್ಲು ನಿಮ್ ಸಾಮಾನು ಮುಚ್ಚಿಡಿ. ಅಷ್ಟು ದೊಡ್ಡ ಸಕ್ಕರೆ ಡ್ರಮ್ಮು ಬಾಯಿ ತೆರ್ಕೊಂಡು ಕೂತಿದ್ರೆ ನನ್ ಬೊಟ್ಟು ಪಾಕ ಯಾರು ತಿಂತಾರೆ?"

"ಸಕ್ಕರೆ ಡ್ರಮ್ಮಿನ ಸುದ್ದಿಗೆ ಬರಬೇಡ. ಅದರ ಮುಚ್ಚಳ ಮುರಿದು ವರ್ಷ ಆಯ್ತು, ಒಂದೇ ಒಂದು ಜಿರಳೆ ಅದರೊಳಗೆ ಇಳಿದಿದ್ದು ನಾ ಕಾಣೆ. ನನ್ನ ಉಗ್ರಾಣ ಅಷ್ಟು ಚೊಕ್ಕಟ. ಹೋಗೋದೆಲ್ಲ ಎಣ್ಣೆ ಡಬ್ಬಿ ಹತ್ರ, ಹಿಟ್ಟಿನ ಹತ್ರ."

ಜಿರಳೆಯಣ್ಣ ಉಗ್ರಾಣಕ್ಕೆ ಹೋಗಿ ಡ್ರಮ್ಮಿನೊಳಗೆ ಟಾರ್ಚು ಬಿಟ್ಟ. ಬಿಳಿ ಸಕ್ಕರೆ, ಒಂದು ಹಿಕ್ಕೆಯೂ ಇಲ್ಲ. ಪಕ್ಕದ ಎಣ್ಣೆ ಡಬ್ಬಿಯ ಬುಡದಲ್ಲಿ ಕರಿಮೆಣಸಿನ ಪುಡಿ ಚೆಲ್ಲಿದ ಹಾಗೆ ಜಿರಳೆ ಹಿಕ್ಕೆ. ಇಷ್ಟು ವರ್ಷದ ಕಸುಬಿನಲ್ಲಿ, ತೆರೆದ ಸಕ್ಕರೆಯನ್ನು ಬಿಟ್ಟು ಹೋಗುವ ಜಿರಳೆಯನ್ನು ಅವನು ಕಂಡಿರಲಿಲ್ಲ.

ಭಾಮೈದನನ್ನು ಕರೆಸಿಕೊಂಡ. ಮೂರು ಬಾಟಲಿ ಮುಚ್ಚಳಗಳಲ್ಲಿ ಮೂರು ಬಗೆ ಇಟ್ಟರು, ಯಾವುದರಲ್ಲೂ ವಿಷವಿಲ್ಲ. ಒಂದರಲ್ಲಿ ಬರೀ ಪಾಕ, ಒಂದರಲ್ಲಿ ಬೇಯಿಸಿದ ಹಿಟ್ಟು, ಒಂದರಲ್ಲಿ ಕರಿದು ಉಳಿದ ಎಣ್ಣೆಯ ಜಿಡ್ಡು. ಉಗ್ರಾಣದ ದೀಪ ಆರಿಸಿ, ಬಾಗಿಲು ಹಾಕಿ, ಇಬ್ಬರೂ ಹಿಟ್ಟಿನ ಮೂಟೆಗಳ ಮೇಲೆ ಕುಕ್ಕರಗಾಲಲ್ಲಿ ಕೂತರು. ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿದ್ದರು. ಕೆಂಪು ಬೆಳಕು ಜಿರಳೆಗೆ ಕಾಣುವುದಿಲ್ಲ. ಹೊರಗೆ ಪಾತ್ರೆಗಳ ಸದ್ದು, ಅಕ್ಕ ಯಾರನ್ನೋ ಗದರುವ ಸದ್ದು. ಒಳಗೆ ಒಂದೊಂದಾಗಿ ಬಂದವು. ಜಿಡ್ಡಿಗೆ ಮುತ್ತಿದವು. ಹಿಟ್ಟಿಗೆ ಮುತ್ತಿದವು. ಪಾಕಕ್ಕೆ ಬಾಯಿ ಹಚ್ಚಿದ ಒಂದೆರಡು ಹಿಂದಕ್ಕೆ ಹಾರಿ ಬಾಯಿ ಉಜ್ಜಿಕೊಂಡವು, ಕಹಿ ಕಷಾಯ ಕುಡಿದ ಮಗುವಿನ ಹಾಗೆ.

"ಬುದ್ಧಿ ಬಂದಿದೆ ಭಾವ" ಭಾಮೈದ ಪಿಸುಗುಟ್ಟಿದ. "ವಿಷ ಅಂತ ಒಂದಕ್ಕೊಂದು ಹೇಳ್ಕೊಂಡಿದಾವೆ. ಮೀಟಿಂಗ್ ಮಾಡಿರ್ತವೆ."

"ಮೀಟಿಂಗ್ ಮಾಡಿ ಬುದ್ಧಿ ಬರೋ ಹಾಗಿದ್ರೆ ಈ ಆಸ್ಪತ್ರೆ ಆಡಳಿತದೋರಿಗೆ ಯಾವತ್ತೋ ಬರ್ಬೇಕಿತ್ತು. ಸುಮ್ನಿರು."

ಬಾಗಿಲು ತೆರೆದು ಅಕ್ಕ ಒಳಗೆ ಇಣುಕಿದಳು. ಮೂಟೆ ಮೇಲೆ ಕೂತ ಇಬ್ಬರನ್ನೂ ನೋಡಿ, "ಮೊಟ್ಟೆಗೆ ಕಾವು ಕೊಡ್ತಿದೀರಾ?" ಎಂದಳು. ತಮ್ಮ ಕಂಡದ್ದನ್ನು ಹೇಳಿದ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

"ಇದೇ ಗೋಳು ಡಾಕ್ಟ್ರುಗಳದ್ದೂ. ಊಟಕ್ಕೆ ಬಂದಾಗೆಲ್ಲ ಅದೇ ಮಾತು. ಒಂದೇ ಮಾತ್ರೆ ಊರಿಗೆಲ್ಲ ಕೊಟ್ಟೂ ಕೊಟ್ಟೂ, ಅದಕ್ಕೆ ಸಾಯೋ ಕ್ರಿಮಿ ಎಲ್ಲ ಸತ್ತು, ಸಾಯದೇ ಇರೋವು ಮಾತ್ರ ಉಳ್ಕೊಂಡು ಮರಿ ಹಾಕಿದಾವಂತೆ. ಈಗ ಆ ಮಾತ್ರೆ ನೀರಿಗೆ ಸಮ ಅಂತ ತಲೆ ಚಚ್ಕೊಂತಾರೆ."

ಅವಳು ಹೇಳಿ ಒಲೆ ಕಡೆ ಹೋದಳು. ಜಿರಳೆಯಣ್ಣ ಮೂಟೆಯ ಮೇಲೇ ಕೂತು ಅದೇ ಲೆಕ್ಕವನ್ನು ಜಿರಳೆಗೂ ಹಾಕಿ ನೋಡಿದ.

ಯಾವ ಜಿರಳೆಯೂ ಏನನ್ನೂ ಕಲಿತಿರಲಿಲ್ಲ, ಯಾವುದೂ ಯಾವುದಕ್ಕೂ ಏನನ್ನೂ ಹೇಳಿರಲಿಲ್ಲ. ಎಲ್ಲೋ ಲಕ್ಷಕ್ಕೊಂದು ಜಿರಳೆ ಹುಟ್ಟುತ್ತಲೇ ನಾಲಿಗೆ ಕೆಟ್ಟು ಹುಟ್ಟಿರಬೇಕು; ಅದಕ್ಕೆ ಸಿಹಿ ಕಹಿಯಾಗಿರಬೇಕು. ಬೇರೆ ಕಾಲದಲ್ಲಿ ಅಂಥದು ಉಪವಾಸ ಬಿದ್ದು ಸಾಯುತ್ತಿತ್ತೋ ಏನೋ. ಆದರೆ ಊರಲ್ಲಿ ಸಿಹಿಬಾಯಿಯವೆಲ್ಲ ಒಬ್ಬನ ಪಾಕ ತಿಂದು ಸಾಯುತ್ತ ಬಂದವು. ಕಹಿಬಾಯಿಯದು ಉಳಿಯಿತು, ಮರಿ ಹಾಕಿತು, ಮರಿಗಳೂ ತಾಯಿಯಂತೆಯೇ. ವರ್ಷಗಟ್ಟಲೆ, ಮನೆಮನೆಗೂ ಹೋಗಿ, ಅವನು ಕೈಯಾರೆ ಆರಿಸಿ ಆರಿಸಿ ಉಳಿಸಿದ್ದು ಅವನ್ನೇ. ಒಳ್ಳೆಯ ಬಿತ್ತನೆ ಕಾಳನ್ನು ರೈತ ಆರಿಸುವಷ್ಟೇ ಶ್ರದ್ಧೆಯಿಂದ. ಮೇಲೆ ಚಳಿಯೂ ಕೈಬಿಟ್ಟಿತ್ತು. ಮೊದಲು ವರ್ಷಕ್ಕೊಮ್ಮೆ ತೆಳುವಾಗುತ್ತಿದ್ದ ಸಂಸಾರ ಈಗ ಬಿಡುವಿಲ್ಲದೆ ಬೆಳೆಯುತ್ತಿತ್ತು. ಅಳಿದುಳಿದ ಸಿಹಿಬಾಯಿಗಳಿದ್ದರೆ ಅವನ್ನೂ ಈ ಎರಡು ವಾರದ ಸಕ್ಕರೆ, ಗ್ಲೂಕೋಸು ಗುಡಿಸಿ ಹಾಕಿದ್ದವು.

"ಬೇಲಿನೇ ಎದ್ದು ಹೊಲ ಮೇಯ್ತಲ್ಲೋ" ಎಂದ ಕೊನೆಗೆ. "ಇವು ಎಲ್ಲಿಂದಲೋ ಬಂದಿದ್ದಲ್ಲ. ನಾವು ಸಾಕಿದ್ದು."

"ನಾವಾ? ಪಾಕ ನಿಮ್ದು ಭಾವ."

"ಸಿಹಿ ಕಮ್ಮಿ ಅಂದಿದ್ದು ಯಾವನು?"

"ಕಮ್ಮಿ ಅಂದೆ. ಡಬ್ಬಿಗಟ್ಟಲೆ ಸುರಿದೋರು ನೀವು."

ಜಗಳ ವ್ಯಾನು ಹತ್ತಿದರೂ ಮುಗಿಯಲಿಲ್ಲ. ಮನೆ ಮುಟ್ಟಿದ ಮೇಲೆ ಹೆಂಡತಿ ಇಬ್ಬರಿಗೂ ಸೇರಿಸಿ ತೀರ್ಪು ಕೊಟ್ಟಳು: "ಇಬ್ಬರೂ ಅಷ್ಟೇ. ಮೊದ್ಲು ಊಟ ಮಾಡಿ."

ತಪಾಸಣೆಗೆ ಉಳಿದದ್ದು ಒಂದು ವಾರ. ಅಕ್ಕನ ರಜೆಯ ದಿನ ಅವಳೇ ಶೆಡ್ಡಿಗೆ ಬಂದಳು. ಸಕ್ಕರೆ ಬಿಟ್ಟು ಪಾಕ ಮಾಡುವುದು ಜಿರಳೆಯಣ್ಣನಿಗೆ ಗೊತ್ತಿರಲಿಲ್ಲ. ಹಿಟ್ಟು ಎಣ್ಣೆ ಕಲಸಿದರೆ ಮೊದಲ ದಿನ ಒಣಗಿ ಇಟ್ಟಿಗೆಯಾಯಿತು, ಎರಡನೆಯ ದಿನ ನೀರಾಗಿ ಗೋಡೆ ಮೇಲಿಂದ ಇಳಿಯಿತು. ಅಕ್ಕ ಅವನನ್ನು ಪಕ್ಕಕ್ಕೆ ತಳ್ಳಿ ಸೌಟು ಕಿತ್ತುಕೊಂಡಳು.

"ಹಿಟ್ಟನ್ನ ಮೊದ್ಲು ಜಿಡ್ಡಲ್ಲಿ ಹುರಿಬೇಕು. ಆಮೇಲೆ ಬಿಸಿನೀರು, ಸ್ವಲ್ಪ ಸ್ವಲ್ಪ. ಹಾಗೆ ಸುರಿದ್ರೆ ಗಂಟಾಗದೆ ಏನಾಗತ್ತೆ? ಅಮ್ಮ ನಿಂಗೆ ಒಲೆ ಮುಟ್ಟೋಕೆ ಬಿಡದಿದ್ದಿದ್ದು ಒಳ್ಳೇದೇ ಆಯ್ತು."

"ಜಿರಳೆಗೆ ತಾನೆ, ಗಂಟಾದ್ರೇನು?"

"ಯಾರಿಗಾದ್ರೇನು? ನನ್ನ ಕೈಯಲ್ಲಿ ಗಂಟಾಗಲ್ಲ."

ಘಮ್ಮೆನ್ನುವ ವಾಸನೆ ಶೆಡ್ಡು ತುಂಬಿತು. ಅಭ್ಯಾಸಬಲದಿಂದ ಸೌಟಿನ ತುದಿಯನ್ನು ಅಂಗೈಗೆ ಮುಟ್ಟಿಸಿ ನಾಲಿಗೆಗೆ ಒಯ್ಯಲಿದ್ದ ಅಕ್ಕನ ಕೈಯನ್ನು ತಮ್ಮ ಗಪ್ಪನೆ ಹಿಡಿದ. "ಅಯ್ಯೋ, ವಿಷ ಇನ್ನೂ ಹಾಕಿಲ್ವಲ್ಲೋ!" ಎಂದಳು ಅವಳು. ಆದರೂ ಮುಖ ಬೆಳ್ಳಗಾಗಿತ್ತು. ಪುಡಿ ಬೆರೆಸುವ ಹೊತ್ತಿಗೆ ಅವಳನ್ನು ಹೊರಗೆ ಕಳಿಸಿ, ಕೈಗೆ ಗವಸು ಹಾಕಿ ಆ ಕೆಲಸ ಅವನೇ ಮುಗಿಸಿದ.

ಹೊಸ ಬೊಟ್ಟು ಇಟ್ಟ ಮರುದಿನ ಮೊದಲ ಸಲ ಅಡುಗೆಮನೆಯ ಮೂಲೆಯಲ್ಲಿ ಜಿರಳೆಗಳು ಅಂಗಾತ ಬಿದ್ದಿದ್ದವು. ಆಮೇಲೆ ದಿನಾ ಗುಡಿಸಿ ಎತ್ತಿದರು. ತಪಾಸಣೆಯವರು ಬಂದ ದಿನ ಡ್ರಾಯರುಗಳನ್ನೆಲ್ಲ ಎಳೆದು, ಫ್ರಿಜ್ಜು ಸರಿಸಿ, ಸಿಂಕಿನ ಕೆಳಗೆ ತೂರಿ, ಹುಳ ಹಿಡಿಯಲು ಮೂಲೆಗಳಲ್ಲಿ ಇಟ್ಟಿದ್ದ ಅಂಟು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಒಲೆಯ ಹಿಂದೆ ಒಂದು ಸತ್ತ ಜಿರಳೆ ಸಿಕ್ಕಿತು. ಬಂದವರಲ್ಲಿ ಹಿರಿಯರು ಅದನ್ನು ಕಡ್ಡಿಯಿಂದ ಹೊರಳಿಸಿ, "ಇದೇನಮ್ಮ?" ಎಂದರು.

"ಸತ್ತದ್ದು ಸಾರ್. ನಿಮ್ಮ ನಿಯಮದಲ್ಲಿ ಜೀವಂತ ಅಂತಿದೆ" ಎಂದಳು ಅಕ್ಕ.

ಅಡುಗೆಮನೆ ಉಳಿಯಿತು. ಬೀಗವಿಲ್ಲ, ಆದರೆ ಮೂರು ತಿಂಗಳಿಗೊಮ್ಮೆ ಮತ್ತೆ ಬಂದು ನೋಡುತ್ತೇವೆ ಎಂದು ಹೇಳಿ ಹೋದರು. ಹೆಂಗಸರು ಆ ಮಧ್ಯಾಹ್ನ ಕೆಲಸ ಮುಗಿದ ಮೇಲೂ ಮನೆಗೆ ಹೋಗದೆ ಒಲೆಗಳನ್ನೇ ಒರೆಸುತ್ತ ಮಾತಾಡುತ್ತ ಉಳಿದರು. ಭಾಮೈದ ಎದೆ ಉಬ್ಬಿಸಿಕೊಂಡು, ಹೊಸ ಹಿಟ್ಟನ್ನು ಊರಿಗೆಲ್ಲ ಇಡೋಣ, ದೊಡ್ಡ ಕೊಪ್ಪರಿಗೆ ತರೋಣ ಎಂದು ಲೆಕ್ಕ ಹಾಕಿದ. ಒಂದು ಕೊಪ್ಪರಿಗೆಯಷ್ಟು ಕಾಸಿಯೂ ಆಯಿತು.

ಶೆಡ್ಡಿನಲ್ಲಿ ಆ ಹಿಟ್ಟನ್ನು ಡಬ್ಬಿಗೆ ತುಂಬುವಾಗ ಜಿರಳೆಯಣ್ಣನ ಮುಖ ಗಂಟಿಕ್ಕಿಯೇ ಇತ್ತು. ಅಕ್ಕ ಮೊರದಂಥ ತಟ್ಟೆಯಿಂದ ಗಾಳಿ ಹಾಕಿಕೊಳ್ಳುತ್ತ, "ಗೆದ್ದ ಮೇಲೂ ಏನೋ ಇದು ಮೋರೆ?" ಎಂದಳು.

"ಗೆದ್ದಿದ್ದೆಲ್ಲಿ? ನಾವು ಚಾಪೆ ಕೆಳಗೆ ತೂರಿದ್ರೆ ಅವು ರಂಗೋಲಿ ಕೆಳಗೆ ತೂರ್ತವೆ. ಎಣ್ಣೆ ಒಲ್ಲದ್ದು ಒಂದು ಈಗಾಗ್ಲೇ ಅಲ್ಲೆಲ್ಲೋ ಕೂತಿರತ್ತೆ. ಇದನ್ನ ಊರಿಗೆಲ್ಲ ಇಟ್ಟು, ಅದೊಂದನ್ನ ಉಳಿಸಿ, ಮೂರು ತಿಂಗಳಿಗೋ ಮೂರು ವರ್ಷಕ್ಕೋ ಮತ್ತೆ ನಿನ್ನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ್ಕೋಬೇಕು. ಸಾಕಾಗಿ ಹೋಯ್ತಕ್ಕ. ಕೊಂದರೂ ನಮ್ಮ ತಪ್ಪು, ಬಿಟ್ಟರೂ ನಮ್ಮ ತಪ್ಪು."

"ರೋಗಿಗಳಿಗೆ ನಾನು ದಿನಾ ಒಂದೇ ಊಟ ಹಾಕ್ತೀನಾ? ವಾರಕ್ಕೊಂದು ಥರ. ಒಗ್ಗಿ ಹೋಗೋಕೂ ಬಿಡಬಾರದು, ಬೇಜಾರಾಗೋಕೂ ಬಿಡಬಾರದು. ಇವು ಎಣ್ಣೆ ಬಿಡೋಕೆ ಮುಂಚೆ ನೀನೇ ಬಿಡು."

"ಈಗ ತಾನೆ ಕೆಲಸ ಮಾಡ್ತಿದೆ! ಕೆಲಸ ಮಾಡ್ತಿರೋದನ್ನ ಬಿಡಬೇಕಾ?"

"ಕೆಲಸ ಮಾಡ್ತಿರುವಾಗಲೇ ಬಿಡಬೇಕು. ಮಾಡದೇ ಇದ್ದಾಗ ಬಿಡೋಕೆ ನಿನ್ನ ಬುದ್ಧಿ ಯಾಕೆ ಬೇಕು?"

"ಕೊಪ್ಪರಿಗೆ ತುಂಬ ಇದೆ ಭಾವ" ಎಂದು ಭಾಮೈದ ಅಳುಮೋರೆ ಮಾಡಿದ.

ಜಿರಳೆಯಣ್ಣ ಒಂದು ನಿಮಿಷ ಕೊಪ್ಪರಿಗೆಯನ್ನೇ ನೋಡಿದ. ಹದವಾಗಿ ಬಂದ ಹಿಟ್ಟು, ಒಂದು ಗಂಟೂ ಇಲ್ಲ. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದದ್ದು ಇದು ಎರಡನೆಯ ಸಲ. ಆಸ್ಪತ್ರೆಗೆ ಬೇಕಾದಷ್ಟನ್ನು ಮಾತ್ರ ಪಕ್ಕಕ್ಕಿಟ್ಟು, ಉಳಿದದ್ದನ್ನೆಲ್ಲ ಡಬ್ಬಿಗಳಿಗೆ ಒತ್ತಿ, ಮುಚ್ಚಳ ಬಡಿದು, ಕೈಗೆ ಸುಲಭವಾಗಿ ಸಿಗದ ಮೇಲಿನ ಅಟ್ಟಕ್ಕೆ ಏರಿಸಿದ. ಏರಿಸುವಾಗ ಒಂದೊಂದು ಡಬ್ಬಿಗೂ ಒಂದೊಂದು ಬೈಗುಳ. ಕೆಳಗಿಳಿದು ಕೊಪ್ಪರಿಗೆ ತೊಳೆದು ಒಲೆ ಮೇಲಿಟ್ಟ.

"ಹೇಳಿ ಈಗ, ಮುಂದಿನ ಊಟ ಏನು?" ಎಂದ, ಬೆಂಕಿಪೊಟ್ಟಣಕ್ಕೆ ತಡಕಾಡುತ್ತ. "ಮೀನಾ, ಮೊಟ್ಟೆನಾ? ಬೇಗ ಹೇಳಿ. ಮಹಾರಾಯರು ಹಸ್ಕೊಂಡಿರ್ತಾರೆ."